ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಹಿಂದಿನ ಓಣಿಯ ರಿಪೇರಿ ಅಂಗಡಿ: ಎರಡು ಹಳೆಯ ಲ್ಯಾಪ್‌ಟಾಪ್, ಒಂದು ತಂತಿ

ಬೆಟಗೇರಿಯಲ್ಲಿ ನನ್ನದು ಸಣ್ಣ ಡಿಟಿಪಿ ಕೆಲಸ. ಮನೆಯ ಮುಂದಿನ ಕೋಣೆಯೇ ಕಚೇರಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ವರ್ಷಕ್ಕೆ ಎರಡೋ ಮೂರೋ ಪುಸ್ತಕ. ಮುದ್ರಣ ಕಾಶಿ ಎನ್ನಿಸಿಕೊಂಡ ಗದಗ-ಬೆಟಗೇರಿಯಲ್ಲಿ ಇಂಥ ಕೋಣೆಗಳಿಗೆ ಕೊರತೆಯಿಲ್ಲ. ನಮ್ಮ ಅಪ್ಪ ಇಲ್ಲಿಯ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚುಮೊಳೆ ಜೋಡಿಸಿದವರು.

ನನ್ನ ಬಳಿ ಎರಡು ಲ್ಯಾಪ್‌ಟಾಪ್‌ಗಳಿವೆ. ಕರಿಯದರಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಇದೆ. ಹದಿನೆಂಟು ವರ್ಷಗಳಿಂದ ಮಾಡಿದ ಪುಟಗಳೆಲ್ಲ ಅದರಲ್ಲೇ ಇವೆ, ಅವಕ್ಕೆ ಬೇಕಾದ ಹಳೆಯ ಕನ್ನಡ ಫಾಂಟ್‌ಗಳೂ ಅದರಲ್ಲೇ. ಆ ಪುಟಗಳನ್ನು ಬೇರೆ ಯಂತ್ರದಲ್ಲಿ ತೆರೆದರೆ ಒತ್ತಕ್ಷರಗಳು ಸ್ಥಾನ ತಪ್ಪುತ್ತವೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಬೂದು ಬಣ್ಣದ ಎರಡನೆಯದರಲ್ಲಿ ವಿಂಡೋಸ್ 7 ಇದೆ. ಪ್ರಿಂಟರ್ ಅದಕ್ಕೆ ಹೊಂದಿಕೊಂಡಿದೆ, ಗ್ರಾಹಕರಿಗೆ ಪ್ರೂಫ್ ಕಳುಹಿಸುವುದೂ ಅದರಿಂದಲೇ. ಎರಡರ ನಡುವೆ ಒಂದು ನೆಟ್‌ವರ್ಕ್ ತಂತಿ. ಕರಿಯದರಲ್ಲಿ ಪುಟ ಕಟ್ಟಿದರೆ ಬೂದು ಯಂತ್ರ ಅದನ್ನು ಎಳೆದುಕೊಂಡು ಮುದ್ರಿಸುತ್ತದೆ. ಪೆನ್‌ಡ್ರೈವ್ ಬಳಸುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಪ್ಲೇಟ್ ಮಾಡುವಲ್ಲಿಗೆ ಹೋಗಿ ಬಂದ ಪೆನ್‌ಡ್ರೈವ್ ಒಮ್ಮೆ ವೈರಸ್ ತಂದು ನನ್ನ ಕಡತಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಟ್ಟಿತ್ತು. ಆ ವಾರ ನಾನು ಅನುಭವಿಸಿದ್ದು ನನಗೇ ಗೊತ್ತು.

ದೀಪಾವಳಿಗೆ ಮುಂಚೆ ಬೂದು ಯಂತ್ರ ನಿಧಾನವಾಯಿತೆಂದು ನಮ್ಮೂರಿನ ಒಂದು ಅಂಗಡಿಗೆ ಕೊಟ್ಟೆ. ಫಾರ್ಮ್ಯಾಟ್ ಮಾಡಿ ಮರಳಿಸಿದರು. ಯಂತ್ರ ಚುರುಕಾಗಿತ್ತು, ನಿಜ. ಆದರೆ ಮನೆಗೆ ತಂದು ತಂತಿ ಸಿಕ್ಕಿಸಿದಾಗ ಎರಡರ ಪೋರ್ಟಿನ (ತಂತಿ ಸಿಕ್ಕಿಸುವ ಕಿಂಡಿಯ) ಪಕ್ಕದ ಸಣ್ಣ ದೀಪಗಳೂ ಹೊತ್ತಲಿಲ್ಲ. ಕರಿಯದರ ಮೂಲೆಯಲ್ಲಿ ಕೆಂಪು ಕತ್ತರಿ ಗುರುತು, ಕೇಬಲ್ ಕಿತ್ತಿದೆ ಎನ್ನುವ ಸೂಚನೆ. ತಂತಿಯನ್ನು ತೆಗೆದು ಹಾಕಿದೆ, ತಿರುಗಿಸಿ ಹಾಕಿದೆ, ಎರಡೂ ಯಂತ್ರಗಳನ್ನು ಆರಿಸಿ ಹಚ್ಚಿದೆ. ಮತ್ತೆ ಅದೇ ಅಂಗಡಿಗೆ ಹೋದಾಗ ಅವರು ಪೋರ್ಟನ್ನು ಇಣುಕಿ ನೋಡಿ, "ಪೋರ್ಟ್ ಸುಟ್ಟಿದೆ, ಮೇಡಂ. ಇಷ್ಟು ಹಳೆಯದಕ್ಕೆ ಹಣ ಹಾಕಬೇಡಿ, ಹೊಸದು ತೆಗೆದುಕೊಳ್ಳಿ" ಎಂದರು. ಹೊಸದರ ಬೆಲೆಯನ್ನು ಚೀಟಿಯಲ್ಲಿ ಬರೆದೂ ಕೊಟ್ಟರು. ಬೇರೊಂದು ತಂತಿಯನ್ನು ಸಿಕ್ಕಿಸಿ ನೋಡುವಷ್ಟು ಕೆಲಸವನ್ನೂ ಮಾಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಹುಬ್ಬಳ್ಳಿಯ ಈ ಅಂಗಡಿಯ ವಿಷಯ ಹೇಳಿದವರು ನಮ್ಮ ಓಣಿಯ ಬೈಂಡಿಂಗ್ ಕಾಕಾ. ಮರುದಿನ ಬೆಳಗಿನ ರೈಲಿಗೆ ಎರಡೂ ಲ್ಯಾಪ್‌ಟಾಪ್, ಎರಡೂ ಚಾರ್ಜರ್, ತಂತಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೊರಟೆ. ಗದಗಿನಿಂದ ಸುಮಾರು 60 ಕಿಲೋಮೀಟರ್. ನಿಲ್ದಾಣದಿಂದ ಕೊಪ್ಪಿಕರ್ ರಸ್ತೆಗೆ ಆಟೊ ಸಿಗುತ್ತದೆ. ರಸ್ತೆಯ ಹಿಂದಿನ ಓಣಿಗೆ ಇಳಿದ ಮೇಲೆ ಹುಡುಕಬೇಕು, ಏಕೆಂದರೆ ಈ ಅಂಗಡಿಗೆ ಹೆಸರಿನ ಫಲಕವೇ ಇಲ್ಲ. ಕಡಿದಾದ ಮೆಟ್ಟಿಲ ಬುಡದಲ್ಲಿ ಹಳೆಯ ಕೀಬೋರ್ಡೊಂದನ್ನು ಮೊಳೆಗೆ ತೂಗುಹಾಕಿದ್ದಾರೆ, ಅದೇ ಗುರುತು. ಮೇಲೆ ಹತ್ತಿದರೆ ಹತ್ತಡಿ ಅಗಲದ ಕೋಣೆ, ಗೋಡೆಯ ತುಂಬ ಬಿಚ್ಚಿದ ಯಂತ್ರಗಳು, ಐವತ್ತು ದಾಟಿದ ಒಬ್ಬರು ಅಣ್ಣಾವರು, ಒಬ್ಬ ಹುಡುಗ.

ನಾನು ಕಥೆ ಹೇಳಲು ಆರಂಭಿಸಿದೆ. ಪೋರ್ಟ್ ಸುಟ್ಟಿದೆಯಂತೆ ಎಂದೆ. "ಸುಟ್ಟಿದೆಯೋ ಇಲ್ಲವೋ ಅದನ್ನೇ ಕೇಳೋಣ, ಅಕ್ಕಾ" ಎಂದು ಬೂದು ಯಂತ್ರಕ್ಕೆ ತಮ್ಮ ತಂತಿಯೊಂದನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೇಜಿನ ಮೇಲಿದ್ದ, ಹಲವು ಯಂತ್ರಗಳನ್ನು ಒಂದು ಜಾಲಕ್ಕೆ ಜೋಡಿಸುವ ಸ್ವಿಚ್ ಪೆಟ್ಟಿಗೆಗೆ ಕೊಟ್ಟರು. ಹಸಿರು ದೀಪ ಹೊತ್ತಿತು. ಕರಿಯದಕ್ಕೂ ಹಾಗೆಯೇ ಮಾಡಿದರು, ಅದರ ದೀಪವೂ ಹೊತ್ತಿತು. ನಾನು ತಂದ ತಂತಿಯನ್ನು ಟೆಸ್ಟರಿಗೆ ಹಾಕಿದರು. ಒಂದರಿಂದ ಎಂಟರವರೆಗೆ ಎರಡೂ ಬದಿಯ ದೀಪಗಳು ಸಾಲಾಗಿ ಮಿನುಗಿದವು. ಎರಡೂ ಪೋರ್ಟ್ ಜೀವಂತ, ತಂತಿಯೂ ಜೀವಂತ. ಐದು ನಿಮಿಷ ಕೂಡ ಆಗಿರಲಿಲ್ಲ. ಆದರೆ ನನ್ನ ತಂತಿಯಿಂದ ಎರಡು ಯಂತ್ರಗಳನ್ನೂ ನೇರವಾಗಿ ಜೋಡಿಸಿದರೆ ಮತ್ತೆ ಕತ್ತಲು.

ಇಲ್ಲಿ ಅವರು ನನಗೆ ಹೇಳಿಕೊಟ್ಟದ್ದನ್ನು ಬರೆಯಲೇಬೇಕು, ಹಳೆಯ ಯಂತ್ರಗಳನ್ನು ಇಟ್ಟುಕೊಂಡವರಿಗೆ ಉಪಯೋಗವಾಗುತ್ತದೆ. ಈ ತಂತಿಯೊಳಗೆ ಎಂಟು ಎಳೆಗಳಿವೆ, ನಾಲ್ಕು ಜೋಡಿ. ಹಳೆಯ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪೋರ್ಟುಗಳು ಅವುಗಳಲ್ಲಿ ಎರಡೇ ಜೋಡಿಯನ್ನು ಬಳಸುತ್ತವೆ: ಒಂದು ಮತ್ತು ಎರಡನೆಯ ಎಳೆಗಳಲ್ಲಿ ಕಳುಹಿಸುತ್ತವೆ, ಮೂರು ಮತ್ತು ಆರರಲ್ಲಿ ಕೇಳಿಸಿಕೊಳ್ಳುತ್ತವೆ. ಮಾಮೂಲಿ ತಂತಿಯಲ್ಲಿ ಒಂದು ಒಂದಕ್ಕೆ, ಎರಡು ಎರಡಕ್ಕೆ ಹೋಗುತ್ತದೆ. ಸ್ವಿಚ್ ಪೆಟ್ಟಿಗೆಗೆ ಅದು ಸರಿ. ಎರಡು ಲ್ಯಾಪ್‌ಟಾಪ್‌ಗಳನ್ನು ನೇರವಾಗಿ ಕಟ್ಟಿದಾಗ ಇಬ್ಬರ ಬಾಯಿಯೂ ಒಂದೇ ಎಳೆಗೆ, ಇಬ್ಬರ ಕಿವಿಯೂ ಒಂದೇ ಎಳೆಗೆ ಬರುತ್ತದೆ. ಅದಕ್ಕಾಗಿ ಒಂದು ತುದಿಯಲ್ಲಿ ಜೋಡಿಗಳನ್ನು ಅದಲುಬದಲು ಮಾಡಿದ ಕ್ರಾಸ್ ಕೇಬಲ್ ಬೇಕು. ಅದರ ಹತ್ತು ಪಟ್ಟು ವೇಗದ ಗಿಗಾಬಿಟ್ ಪೋರ್ಟುಗಳು ಬಂದ ಮೇಲೆ ಯಂತ್ರಗಳೇ ಈ ಅದಲುಬದಲನ್ನು ಒಳಗೊಳಗೇ ಮಾಡಿಕೊಳ್ಳುತ್ತವೆ. ಎರಡರಲ್ಲಿ ಒಂದಕ್ಕೆ ಆ ವಿದ್ಯೆ ಬಂದರೆ ಸಾಕು. ನನ್ನ ಬೂದು ಯಂತ್ರಕ್ಕೆ ಬರುತ್ತಿತ್ತು, ಅದಕ್ಕೇ ಇಷ್ಟು ವರ್ಷ ಮಾಮೂಲಿ ತಂತಿಯಲ್ಲೇ ಕೆಲಸ ನಡೆದಿತ್ತು. ಹಾಗಾದರೆ ಈಗ ಏಕೆ ಮರೆತಿತು? "ಅದು ಆಮೇಲೆ. ಮೊದಲು ದೀಪ ಬರಲಿ" ಎಂದು ಹೊಸ ತಂತಿಯನ್ನು ಕತ್ತರಿಸಿದರು.

ಅವರು ಜ್ಯಾಕ್ ಹಾಕುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಹೊರಗಿನ ಸಿಪ್ಪೆ ಬಿಡಿಸಿ, ಎಳೆಗಳ ಹುರಿ ಬಿಚ್ಚಿ, ಬೆರಳ ನಡುವೆ ನೇರ ಮಾಡಿ ಸಾಲಾಗಿ ನಿಲ್ಲಿಸಿದರು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇನ್ನೊಂದು ತುದಿಯಲ್ಲಿ ಕಿತ್ತಳೆಯ ಜೋಡಿ ಇದ್ದಲ್ಲಿ ಹಸಿರು, ಹಸಿರು ಇದ್ದಲ್ಲಿ ಕಿತ್ತಳೆ. ಇಕ್ಕಳ ಒತ್ತುವ ಮೊದಲು ಪ್ರತಿ ಎಳೆಯೂ ಜ್ಯಾಕಿನ ತುದಿಯನ್ನು ಮುಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಓದಿದರು ಎಂದೇ ಹೇಳಬೇಕು. ನಮ್ಮ ಅಪ್ಪ ಮೊಳೆಗಳನ್ನು ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ಜೋಡಿಸಿ, ಗ್ಯಾಲಿ ಎಂಬ ತಟ್ಟೆಗೆ ಇಳಿಸುವ ಮೊದಲು ಹೀಗೆಯೇ ಬೆಳಕಿಗೆ ಹಿಡಿದು ತುಟಿ ಅಲುಗಿಸುತ್ತ ಓದುತ್ತಿದ್ದರು. ತಪ್ಪಿದ ಮೊಳೆಯನ್ನಾದರೂ ಕಿತ್ತು ತಿದ್ದಬಹುದು. ಒತ್ತಿದ ಜ್ಯಾಕನ್ನು ಕತ್ತರಿಸಿ ಎಸೆಯುವುದೊಂದೇ ದಾರಿ.

ಕ್ರಾಸ್ ಕೇಬಲ್ ಹಾಕಿದಾಗ ಎರಡೂ ಕಡೆ ದೀಪ ಬಂತು. ನನ್ನ ಎದೆಯ ಭಾರ ಅರ್ಧ ಇಳಿಯಿತು.

ಮುಂದಿನದು ವಿಳಾಸ, ಅಂದರೆ ಜಾಲದಲ್ಲಿ ಪ್ರತಿ ಯಂತ್ರವನ್ನು ಗುರುತಿಸುವ ಸಂಖ್ಯೆ. ಬೂದು ಯಂತ್ರ 169.254ರಿಂದ ಆರಂಭವಾಗುವ ಸಂಖ್ಯೆಯನ್ನು ತೋರಿಸುತ್ತಿತ್ತು. ವಿಳಾಸ ಹಂಚುವ ರೂಟರ್ ಇಲ್ಲದಿದ್ದಾಗ ಯಂತ್ರ ತನಗೆ ತಾನೇ ಇಟ್ಟುಕೊಳ್ಳುವ ಸಂಖ್ಯೆ ಅದು. ಕರಿಯದಕ್ಕೆ ನಾನು ಎಂದೋ 192.168.1.1 ಎಂದು ಬರೆಸಿದ್ದೆ. ಫಾರ್ಮ್ಯಾಟ್ ಆದಾಗ ಬೂದು ಯಂತ್ರದ 192.168.1.2 ಅಳಿಸಿಹೋಗಿತ್ತು. "ಇಬ್ಬರೂ ಒಂದೇ ಓಣಿಯಲ್ಲಿ ಇರಬೇಕು, ಮನೆ ನಂಬರು ಮಾತ್ರ ಬೇರೆ" ಎಂದು ಅದನ್ನು ಮರಳಿ ತುಂಬಿದರು. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ಖಾಲಿ. ಗೇಟ್‌ವೇ ಎಂದರೆ ಹೊರಗಿನ ಜಾಲಕ್ಕೆ ಹೋಗುವ ದಾರಿ, ಎರಡೇ ಯಂತ್ರಗಳಿರುವಾಗ ಅದು ಬೇಕಿಲ್ಲ.

ನಂತರ ಪಿಂಗ್, ಒಂದು ಯಂತ್ರ ಇನ್ನೊಂದನ್ನು ಕರೆದು ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ. ಬೂದು ಯಂತ್ರ ಕರೆದಾಗ ಕರಿಯದು ಉತ್ತರಿಸಿತು. ಕರಿಯದು ಕರೆದರೆ ಬೂದು ಯಂತ್ರ ಮೌನ. ನಾನೊಬ್ಬಳೇ ಆಗಿದ್ದರೆ ಇಲ್ಲಿ ಮತ್ತೆ ತಂತಿಯನ್ನೇ ಬೈಯುತ್ತಿದ್ದೆ. ಅವರು ಹೇಳಿದ್ದು ಹೀಗೆ: ಒಂದು ಕಡೆಯಿಂದ ಉತ್ತರ ಬಂದಿತೆಂದರೆ ತಂತಿ, ಪೋರ್ಟ್, ವಿಳಾಸ ಮೂರೂ ಪಾಸಾದವು, ಇನ್ನು ಅವುಗಳನ್ನು ಮುಟ್ಟಬೇಡಿ, ಉಳಿದದ್ದು ಫೈರ್‌ವಾಲ್, ಹೊರಗಿನಿಂದ ಬರುವುದನ್ನು ತಡೆಯುವ ಕಾವಲು. ಹಾಗೆಯೇ ಇತ್ತು. ವಿಂಡೋಸ್ 7 ಗೇಟ್‌ವೇ ಇಲ್ಲದ ಜಾಲವನ್ನು ಗುರುತು ಸಿಗದ ಜಾಲವೆಂದು ತಿಳಿದು ಸಾರ್ವಜನಿಕ ಜಾಲದ ಕಟ್ಟುಪಾಡು ಹಾಕುತ್ತದೆ, ಹೊರಗಿನ ಕರೆಗೆ ಓಗೊಡುವುದಿಲ್ಲ. ಫೈರ್‌ವಾಲನ್ನು ಪೂರ್ತಿ ಆರಿಸಿಬಿಡುವುದು ಸುಲಭದ ದಾರಿ. ಅವರು ಅದನ್ನು ಮಾಡದೆ ಕಡತ ಮತ್ತು ಪ್ರಿಂಟರ್ ಹಂಚಿಕೆಗೆ ಮಾತ್ರ ಅನುಮತಿ ಕೊಟ್ಟರು. ಇದು ನನಗೆ ತುಂಬ ಹಿಡಿಸಿತು. ಬೂದು ಯಂತ್ರದ ಖಾತೆಗೆ ಪಾಸ್‌ವರ್ಡ್ ಇರಲಿಲ್ಲ. ಖಾಲಿ ಪಾಸ್‌ವರ್ಡಿನ ಖಾತೆಯನ್ನು ವಿಂಡೋಸ್ ಜಾಲದ ಮೂಲಕ ಒಳಗೆ ಬಿಡುವುದಿಲ್ಲವಾದ್ದರಿಂದ ಒಂದು ಪಾಸ್‌ವರ್ಡ್ ಇಟ್ಟರು. ಕರಿಯದರ ಫೋಲ್ಡರುಗಳು ತೆರೆದುಕೊಂಡವು.

ಮುಗಿಯಿತೆಂದು ನಾನು ಚೀಲ ಎತ್ತಿಕೊಂಡೆ. ಅವರು ಬಿಡಲಿಲ್ಲ. "ದೊಡ್ಡದೊಂದು ಕಡತ ಎಳೆದು ನೋಡಿ, ಅಕ್ಕಾ" ಎಂದರು. ಒಂದು ಸಂಘದ ಸ್ಮರಣ ಸಂಚಿಕೆ, ಚಿತ್ರಗಳೆಲ್ಲ ಸೇರಿ 200 ಎಂಬಿ ಚಿಲ್ಲರೆ. ಎಳೆಯಲು ಹಚ್ಚಿದರೆ ಒಂದು ಗಂಟೆಗೂ ಹೆಚ್ಚು ಬೇಕೆಂದು ತೋರಿಸಿತು. ಪಿಂಗ್ ಮಾತ್ರ ಸರಾಗವಾಗಿ ಬರುತ್ತಿತ್ತು. ಸಣ್ಣ ಮಾತು ದಾಟುತ್ತದೆ, ದೊಡ್ಡ ಕಡತ ಕುಂಟುತ್ತದೆ. ಇಷ್ಟು ಹೊತ್ತು ಸಾವಕಾಶವಾಗಿದ್ದವರು ನೆಟ್ಟಗೆ ಕೂತರು. ಬೂದು ಯಂತ್ರದ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಕಾರ್ಡಿನ ಅಡ್ವಾನ್ಸ್ಡ್ ಎಂಬಲ್ಲಿಗೆ ಹೋಗಿ, ಸ್ಪೀಡ್ ಮತ್ತು ಡೂಪ್ಲೆಕ್ಸ್ ಎಂಬ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಆಟೊ (ಯಂತ್ರವೇ ಆರಿಸಿಕೊಳ್ಳಲಿ) ಎಂದು ಇರಬೇಕಾದ ಜಾಗದಲ್ಲಿ 100 ಎಂಬಿಪಿಎಸ್ ಫುಲ್ ಡೂಪ್ಲೆಕ್ಸ್, ಅಂದರೆ ಏಕಕಾಲಕ್ಕೆ ಎರಡೂ ದಿಕ್ಕಿನ ಓಡಾಟ, ಎಂದು ಯಾರೋ ಕಟ್ಟಿಹಾಕಿದ್ದರು.

ನಡೆದದ್ದೇನೆಂದರೆ: ಎರಡೂ ಕಡೆ ಆಟೊ ಇದ್ದರೆ ಯಂತ್ರಗಳು ಮೊದಲು ಮಾತುಕತೆ ಮಾಡಿ ವೇಗವನ್ನೂ ರೀತಿಯನ್ನೂ ಒಪ್ಪಿಕೊಳ್ಳುತ್ತವೆ. ಒಂದು ಕಡೆ ಕಟ್ಟಿಹಾಕಿದರೆ ಅದು ಆ ಮಾತುಕತೆಗೇ ಬರುವುದಿಲ್ಲ. ಇನ್ನೊಂದು ಯಂತ್ರ ತಂತಿಯ ಮೇಲಿನ ಸಂಕೇತ ನೋಡಿ ವೇಗವನ್ನು ಊಹಿಸಬಲ್ಲದು, ರೀತಿಯನ್ನು ಊಹಿಸಲಾರದು. ಆದ್ದರಿಂದ ಒಂದು ಸಲಕ್ಕೆ ಒಂದೇ ದಿಕ್ಕಿನ ಓಡಾಟವಾದ ಹಾಫ್ ಡೂಪ್ಲೆಕ್ಸ್‌ಗೆ ಇಳಿಯುತ್ತದೆ. ಹುಬ್ಬಳ್ಳಿ ರೈಲಿನ ಊರು, ಅಣ್ಣಾವರು ಅದನ್ನೇ ಹೇಳಿದರು: ಬೂದು ಯಂತ್ರ ಜೋಡಿ ಹಳಿ ಇದೆಯೆಂದು ತಿಳಿದು ಎರಡೂ ಕಡೆಯಿಂದ ಗಾಡಿ ಬಿಡುತ್ತದೆ, ಕರಿಯದು ಒಂಟಿ ಹಳಿಯೆಂದು ತಿಳಿದು ಸಿಗ್ನಲ್ ಕಾಯುತ್ತದೆ. ಸಣ್ಣ ಗಾಡಿ ಹೇಗೋ ದಾಟುತ್ತದೆ. ಸಾಲು ಸಾಲು ಗಾಡಿಗಳು ಬಂದಾಗ ಡಿಕ್ಕಿ, ಡಿಕ್ಕಿಯಾದದ್ದನ್ನು ಮತ್ತೆ ಕಳುಹಿಸಬೇಕು.

ಆಟೊ ಮಾಡಿದರು. ಅದೇ ಕಡತ ಅರ್ಧ ನಿಮಿಷವೂ ತೆಗೆದುಕೊಳ್ಳದೆ ಬಂದು ಕೂತಿತು.

ಆಮೇಲೆ ಅವರು ಮಾಡಿದ ಕೆಲಸಕ್ಕಾಗಿಯೇ ನಾನು ಇಷ್ಟು ಬರೆಯುತ್ತಿದ್ದೇನೆ. ತಾವೇ ಕಟ್ಟಿದ ಕ್ರಾಸ್ ಕೇಬಲ್ಲನ್ನು ಕಿತ್ತು, ನನ್ನ ಹಳೆಯ ಮಾಮೂಲಿ ತಂತಿಯನ್ನು ಸಿಕ್ಕಿಸಿದರು. ದೀಪ ಹೊತ್ತಿತು. ನನ್ನ ಬೂದು ಯಂತ್ರದ ಕಾರ್ಡು ಜೋಡಿಗಳನ್ನು ಅದಲುಬದಲು ಮಾಡುವ ವಿದ್ಯೆಯನ್ನು ಆಟೊ ಇದ್ದಾಗ ಮಾತ್ರ ಬಳಸುತ್ತದೆ. ಕಟ್ಟಿಹಾಕಿದ ಕೂಡಲೇ ಅದೂ ನಿಂತುಹೋಗಿತ್ತು. ದೀಪ ಬಾರದಿದ್ದದ್ದಕ್ಕೂ ಆಮೇಲೆ ಕಡತ ಕುಂಟಿದ್ದಕ್ಕೂ ಕಾರಣ ಆ ಒಂದೇ ಸಾಲು. "ಕ್ರಾಸ್ ಕೇಬಲ್ ನಿಮಗೆ ಬೇಕಾಗಿಲ್ಲ, ಅಕ್ಕಾ. ನಾನು ಪರೀಕ್ಷೆಗೆ ಮಾಡಿಕೊಂಡದ್ದು" ಎಂದು ಅದನ್ನು ಬದಿಗಿಟ್ಟರು. ಮಾರಬಹುದಿತ್ತು. ನಾನು ಅದಾಗಲೇ ಅದಕ್ಕೆ ಹಣ ಕೊಡಲು ಸಿದ್ಧಳಿದ್ದೆ. ಗೊತ್ತಿಲ್ಲದವರ ಮುಂದೆ ಗೊತ್ತಿದ್ದವರು ಹೀಗೆ ನಡೆದುಕೊಂಡಾಗ ನನಗೆ ಗಂಟಲು ಕಟ್ಟುತ್ತದೆ. ಹಿಂದಿನ ಅಂಗಡಿಯವರ ಬಗ್ಗೆಯೂ ಒಂದು ಕೆಟ್ಟ ಮಾತಾಡಲಿಲ್ಲ, "ವೇಗ ಹೆಚ್ಚಲಿ ಎಂದು ಹಾಕಿರಬೇಕು" ಎಂದಷ್ಟೇ ಹೇಳಿದರು.

ಹೊಸ ಲ್ಯಾಪ್‌ಟಾಪ್ ಕೊಂಡಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಕರಿಯದು ಅದಕ್ಕೆ ಕಾಣಿಸುತ್ತಲೇ ಇರಲಿಲ್ಲವಂತೆ. ಎಕ್ಸ್‌ಪಿ ಕಡತ ಹಂಚುವುದು ಎಸ್‌ಎಂಬಿ1 ಎಂಬ ಹಳೆಯ ಪದ್ಧತಿಯಲ್ಲಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದಾಳಿ ಹಬ್ಬಿದ್ದು ಅದೇ ಬಾಗಿಲಿನಿಂದ. ಅದೇ ವರ್ಷ ಬಂದ 1709 ಆವೃತ್ತಿಯಿಂದ ವಿಂಡೋಸ್ 10ರಲ್ಲಿ ಆ ಪದ್ಧತಿಯನ್ನು ತಾನಾಗಿ ಅಳವಡಿಸುವುದನ್ನು ನಿಲ್ಲಿಸಿದ್ದಾರೆ. ಬೇಕೆಂದರೆ ನಾವೇ ಹಾಕಿಕೊಳ್ಳಬೇಕು, ಅಪಾಯವನ್ನೂ ಜೊತೆಗೇ ಹಾಕಿಕೊಂಡಂತೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಕಂಪನಿಯ ಬೆಂಬಲ ಮುಗಿದಿದೆ. ಆದ್ದರಿಂದ ಕರಿಯದನ್ನು ಇಂಟರ್ನೆಟ್ಟಿಗೆ ಯಾವತ್ತೂ ಜೋಡಿಸಬಾರದು, ಬೂದು ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು, ಮೊಬೈಲ್ ಹಾಟ್‌ಸ್ಪಾಟ್ ಹಚ್ಚುವಾಗ ಈ ತಂತಿಯನ್ನು ಕಿತ್ತಿಡಬೇಕು ಎಂದು ಎಚ್ಚರಿಸಿದರು. ಮೂರನ್ನೂ ಪಾಲಿಸುತ್ತಿದ್ದೇನೆ.

ಪರೀಕ್ಷೆ ಮತ್ತು ಸರಿಪಡಿಸಿದ್ದಕ್ಕೆ 300 ರೂಪಾಯಿ, ನನ್ನ ತಂತಿಯ ಒಂದು ತುದಿಯ ಕೊಕ್ಕೆ ಮುರಿದಿತ್ತು, ಅದಕ್ಕೆ ಹೊಸ ಜ್ಯಾಕ್ ಹಾಕಿದ್ದಕ್ಕೆ 20. ಕ್ರಾಸ್ ಕೇಬಲ್ಲನ್ನು ನಾನೇ ಹಟ ಮಾಡಿ 130ಕ್ಕೆ ಕೊಂಡೆ. ಮುಂದೆ ಎಂದಾದರೂ ದೀಪ ಬಾರದಿದ್ದರೆ ಪರೀಕ್ಷೆಗೆ ಇರಲಿ ಎಂದು. ಒಟ್ಟು 450.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಮೆಟ್ಟಿಲಿಗೆ ಹಿಡಿಕೆಯಿಲ್ಲ. ಮಂಡಿನೋವಿನವರು ಕೆಳಗೆ ನಿಂತು ಹುಡುಗನನ್ನು ಕೂಗಬೇಕು. ಕೂರಲು ಒಂದೇ ಸ್ಟೂಲು. ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕಿದರೆ ನಾಲ್ಕಕ್ಕೇ ತೆಗೆಯುತ್ತಾರೆ. ನನ್ನ ಕೆಲಸ ನಡುವೆ ಸಿಕ್ಕಿಕೊಂಡಿದ್ದರಿಂದ ಆ ಹೊತ್ತನ್ನು ಹತ್ತಿರದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿಯೊಂದಿಗೆ ಕಳೆದೆ. ಅದೇನೂ ನಷ್ಟವಲ್ಲ, ಆದರೆ ಗದಗಿನ ಸಂಜೆಯ ರೈಲು ಹಿಡಿಯುವವರು ಬೆಳಿಗ್ಗೆ ಹತ್ತಕ್ಕೇ ತಲುಪುವುದು ಒಳ್ಳೆಯದು. ಮುದ್ರಿತ ಬಿಲ್ ಕೊಡುವುದಿಲ್ಲ, ಲೆಕ್ಕ ಇಡುವವರಿಗೆ ತೊಂದರೆ.

ಇನ್ನೊಂದು ಗಂಭೀರವಾದದ್ದು. ಅವರು ಇಟ್ಟ ಪಾಸ್‌ವರ್ಡ್ ಬರೀ ನಾಲ್ಕು ಅಂಕಿ, ಸಾಲಾಗಿ. ಕರಿಯದರ ಹಂಚಿದ ಫೋಲ್ಡರಿಗೆ ಬರೆಯುವ, ಅಳಿಸುವ ಅಧಿಕಾರವನ್ನೂ ತೆರೆದಿಟ್ಟಿದ್ದರು. ಹದಿನೆಂಟು ವರ್ಷದ ಪುಟಗಳು ಒಂದು ತಪ್ಪು ಕ್ಲಿಕ್ಕಿಗೆ ಹೋಗಿಬಿಡಬಹುದು. ಅಷ್ಟು ಸೂಕ್ಷ್ಮವಾಗಿ ಎಳೆಗಳನ್ನು ಓದಿದವರು ಇದನ್ನು ಗಮನಿಸಬೇಕಿತ್ತು. ಮನೆಗೆ ಬಂದು ಪಾಸ್‌ವರ್ಡ್ ಬದಲಿಸಿದೆ, ಹಳೆಯ ಪುಟಗಳ ಫೋಲ್ಡರನ್ನು ಓದಲು ಮಾತ್ರ ಎಂದು ಮಾಡಿದೆ, ದಿನದ ಕೆಲಸಕ್ಕೆ ಬೇರೊಂದು ಫೋಲ್ಡರ್ ತೆರೆದೆ. ಫೋನಿನಲ್ಲಿ ಅವರಿಗೂ ಹೇಳಿದೆ. "ಸರಿಯಾಗಿ ಹೇಳಿದಿರಿ, ಇನ್ನು ಮೇಲೆ ಹಾಗೆಯೇ ಮಾಡುತ್ತೇನೆ" ಎಂದರು.

ಆ ರಾತ್ರಿಯೇ ಹಳೆಯ ಪುಟಗಳ ಒಂದು ಪ್ರತಿಯನ್ನು ಬೂದು ಯಂತ್ರಕ್ಕೆ ಎಳೆದುಕೊಂಡೆ. ಒಟ್ಟು 38 ಜಿಬಿ. ದೊಡ್ಡ ಕಡತಗಳು ಸೆಕೆಂಡಿಗೆ 10-11 ಎಂಬಿ ವೇಗದಲ್ಲಿ ಬಂದವು. ಎಂಟು ಬಿಟ್ಟಿಗೆ ಒಂದು ಬೈಟ್ ಆದ್ದರಿಂದ 100 ಎಂಬಿಪಿಎಸ್ ಪೋರ್ಟಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಸಣ್ಣ ಕಡತಗಳು ಸಾವಿರಾರು ಇದ್ದುದರಿಂದ ಎರಡು ಗಂಟೆಯ ಮೇಲಾಯಿತು. ನಡುವೆ ಒಮ್ಮೆಯೂ ನಿಲ್ಲಲಿಲ್ಲ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಪರದೆಯ ಮೇಲೆ ಓಡುತ್ತಿದ್ದ ಕಡತಗಳ ಹೆಸರುಗಳಲ್ಲಿ ತಮಗೆ ಗೊತ್ತಿದ್ದ ಪುಸ್ತಕಗಳನ್ನು ಗುರುತಿಸುತ್ತ ಕೂತಿದ್ದರು.

ಹೋಗುವವರು ಎರಡೂ ಯಂತ್ರ, ಎರಡೂ ಚಾರ್ಜರ್, ಈಗ ಬಳಸುತ್ತಿರುವ ತಂತಿ ಎಲ್ಲವನ್ನೂ ಒಯ್ಯಿರಿ. ನಾನಿದ್ದಾಗಲೇ ಒಂದೇ ಲ್ಯಾಪ್‌ಟಾಪ್ ತಂದ ಒಬ್ಬರನ್ನು ಅವರು ಮರಳಿ ಕಳುಹಿಸಿದರು, ಇನ್ನೊಂದು ಇಲ್ಲದೆ ಯಾವುದರ ದೋಷವೆಂದು ಹೇಳಲಾರೆ ಎಂದು. ಭಾನುವಾರ ಅಂಗಡಿ ಇರುವುದಿಲ್ಲ. ಓಣಿಯಲ್ಲಿ ಎಡಗಡೆ ನೋಡುತ್ತ ನಡೆಯಿರಿ, ತೂಗುಹಾಕಿದ ಕೀಬೋರ್ಡ್ ಕಾಣಿಸುತ್ತದೆ.